ಚಾದರದ ಇನ್ನೊಂದು ತುದಿ

ಫೆಬ್ರವರಿ ೩, ಸೋಮವಾರ

ಇಂದಿನಿಂದ ಲಾಂಡ್ರಿಯಲ್ಲಿ ನನ್ನ ಜೋಡಿ ನನ್ನ ಸೊಸೆ. ಮೇಸ್ತ್ರಿಗೆ ಹೇಳಿ ಹಾಗೆ ಮಾಡಿಸಿಕೊಂಡವಳು ನಾನೇ. ಅವಳ ಕೆಳತುಟಿ ಒಡೆದು ಊದಿಕೊಂಡಿದೆ. ನಿನ್ನೆ ಸಂಜೆ ನನ್ನ ಮಗನ ಕೈ ತಗುಲಿತು.

ಬಾಯಿಬಿಟ್ಟು ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ಬರೆಯುತ್ತಿದ್ದೇನೆ. ಹೇಳಿಕೊಳ್ಳಬಹುದಾದವರೆಲ್ಲ ನಮ್ಮ ಲಾಂಡ್ರಿ ಹೆಂಗಸರ ಸಂಘದವರು. ಅವರಿಗೇ ತಿಳಿಯಬಾರದು.

ನಮ್ಮದು ಆಸ್ಪತ್ರೆಯ ಬಟ್ಟೆ. ಚಾದರ ಮಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು ಮೂಲೆಗಳನ್ನು ಹಿಡಿದು ಝಾಡಿಸಿ, ಎಳೆದು, ಒಬ್ಬರತ್ತ ಒಬ್ಬರು ನಡೆದು ಬರಬೇಕು. ಮೂಲೆಗೆ ಮೂಲೆ ಕೂಡುವಾಗ ಎದುರಿನವಳ ಉಸಿರು ಮುಖಕ್ಕೆ ತಾಗುತ್ತದೆ. ದಿನವಿಡೀ ಹೀಗೆ. ನಿನ್ನೆ ಇಲ್ಲದ ಗಾಯ ಇಂದು ಬಂದಿದ್ದರೆ ಮೊದಲು ಕಾಣುವುದು ಜೋಡಿಯವಳಿಗೆ. ಅವಳಿಂದ ಸಂಘಕ್ಕೆ. ಆಮೇಲೆ ಸಂಘ ಆ ಮನೆಗೆ ಹೋಗುತ್ತದೆ. ಕಳೆದ ತಿಂಗಳು ಲಿಫ್ಟ್ ನಡೆಸುವವನ ಮನೆಗೆ ಹೋಗಿಬಂದರು. ಅವನು ಈಗಲೂ ಸ್ಟೂಲಿನ ಮೇಲೆ ಒಂದು ಕಡೆ ವಾಲಿಕೊಂಡೇ ಕೂರುತ್ತಾನೆ.

ಹಾಗಾಗಿ ಸೊಸೆಯ ಮುಖವನ್ನು ಹತ್ತಿರದಿಂದ ನೋಡುವವಳು ನಾನೊಬ್ಬಳೇ ಆಗಿರಬೇಕು.

"ಅತ್ತೆ ಸೊಸೆ ಎದುರುಬದುರಾ? ನನ್ನ ಚಾದರ ಹರಿದುಬಿಟ್ಟೀರಿ" ಎಂದ ಮೇಸ್ತ್ರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸೊಸೆಗೆ ತುಟಿ ನೋಯುತ್ತಿತ್ತು.

ಮಗ ಕೆಟ್ಟವನಲ್ಲ. ವೆಲ್ಡಿಂಗ್ ಕೆಲಸ. ದಿನವೆಲ್ಲ ಬೆಂಕಿ ನೋಡಿದ ಕಣ್ಣು ಸಂಜೆ ಉರಿಯುತ್ತಿರುತ್ತದೆ.

ಫೆಬ್ರವರಿ ೬, ಗುರುವಾರ

ಊಟದ ಹೊತ್ತಿಗೆ ಬಾಯ್ಲರ್ ಕೋಣೆಯ ಹಿಂದೆ ಸಂಘ ಸೇರಿತು. ಹೊಸಬಳೊಬ್ಬಳು ಕೆಲಸಕ್ಕೆ ಬಂದಿದ್ದಾಳೆ, ಅವಳಿಗೆ ಎಲ್ಲ ಹೇಳಬೇಕಿತ್ತು. ಹೇಳಿದವಳು ದೊಡ್ಡಕ್ಕ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ನಾನೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತೇನೆ.

ಸಂಘ ಹುಟ್ಟಿದ್ದು ರೋಲರಿನಿಂದ. ಕಾದ ಎರಡು ಉರುಳೆಗಳ ನಡುವೆ ಒದ್ದೆ ಚಾದರ ತೂರಿಸಿದರೆ ಆಚೆ ಕಡೆ ಒಣಗಿ ಬರುತ್ತದೆ. ಹಿಂದೊಮ್ಮೆ ಚಾದರದ ಜೊತೆ ಒಬ್ಬಳ ಕೈಯೂ ಒಳಗೆ ಹೋಯಿತು. ಯಂತ್ರ ನಿಲ್ಲಿಸುವ ಅಧಿಕಾರ ಆಗ ಮೇಸ್ತ್ರಿಗೆ ಮಾತ್ರ ಇತ್ತು, ಮೇಸ್ತ್ರಿ ಹೊರಗೆ ಹೋಗಿದ್ದ. ನಾವೆಲ್ಲ ಕಿರುಚಿದೆವು, ಯಾರೂ ಗುಂಡಿ ಮುಟ್ಟಲಿಲ್ಲ. ಮೊಣಕೈವರೆಗಿನ ಚರ್ಮ ಕೈಗವಸಿನಂತೆ ಸುಲಿದುಕೊಳ್ಳುತ್ತಿದ್ದಾಗ ದೊಡ್ಡಕ್ಕ ಓಡಿಹೋಗಿ ಗುಂಡಿ ಒತ್ತಿದಳು. ಮರುದಿನ ಅವಳನ್ನು ಕೆಲಸದಿಂದ ತೆಗೆದರು. ಆ ದಿನ ನಮ್ಮಲ್ಲಿ ಯಾರೂ ಚಾದರದ ತುದಿ ಎತ್ತಲಿಲ್ಲ. ಆಪರೇಷನ್ ಕೋಣೆಯಲ್ಲಿ ಹೊದಿಸಲು ಬಟ್ಟೆಯಿಲ್ಲ ಎಂದಾದ ಮೇಲೆ ಅವಳನ್ನು ಕರೆಸಿಕೊಂಡರು. ಆಸ್ಪತ್ರೆಯವರು ತಮ್ಮ ಕಡೆಯಿಂದ ಒಂದು ನಿಯಮ ಸೇರಿಸಿದರು: ಮೂರ್ಛೆ ಹೋಗುವವರು, ತಲೆಸುತ್ತು ಬರುವವರು ಲಾಂಡ್ರಿಗೆ ಬೇಡ.

ಮೊದಮೊದಲು ಸಂಘ ಲಾಂಡ್ರಿಯೊಳಗಿನ ವಿಷಯಕ್ಕಷ್ಟೇ ಇತ್ತು. ಮನೆಗಳಿಗೆ ಹೋಗುವುದು ಆಮೇಲೆ ಶುರುವಾಯಿತು.

"ಬಾಯಿ ಹೇಳೋದನ್ನ ನಂಬಬೇಡ, ಚರ್ಮ ಹೇಳೋದನ್ನ ನಂಬು" ಎಂದಳು ದೊಡ್ಡಕ್ಕ. "ಕೇಳಿದ್ರೆ ಎಲ್ಲರೂ ಬಚ್ಚಲಲ್ಲಿ ಜಾರಿಬಿದ್ದವರೇ."

"ನಾನಂತೂ ಒಂದೇ ಬಚ್ಚಲಲ್ಲಿ ಏಳು ವರ್ಷ ಬಿದ್ದೆ. ಆ ಬಚ್ಚಲಿಗೆ ಮೀಸೆ ಇತ್ತು" ಎಂದಳು ರೇಡಿಯೊ. ದೊಡ್ಡಕ್ಕನ ಜೋಡಿ ಇವಳು. ಬಾಯಿ ಮುಚ್ಚುವುದಿಲ್ಲವಾದ್ದರಿಂದ ಆ ಹೆಸರು.

ಉಳಿದ ನಿಯಮಗಳು: ಬಾಗಿಲು ಒಡೆಯಬಾರದು, ಒಳಗಿನವರೇ ತೆಗೆಯಬೇಕು. ತಲೆಗೆ ಹೊಡೆಯಬಾರದು. ಕೈಗೆ ಹೊಡೆಯಬಾರದು, ನಾಳೆ ದುಡಿಯಬೇಕಲ್ಲ.

"ಸಂಘ ಅಂದ್ರೆ ಇದೇ ಏನಕ್ಕ, ಹೊಡೆಯೋದು?" ಹೊಸಬಳು ಕೇಳಿದಳು.

ದೊಡ್ಡಕ್ಕ ಅವಳತ್ತ ತಿರುಗಿದಳು. "ಒಂದು ಚಾದರ ಒಬ್ಬಳೇ ಮಡಿಸಿ ನೋಡು. ನೆಲಕ್ಕೆ ತಾಗುತ್ತೆ, ಮತ್ತೆ ಒಗೀಬೇಕು. ಇನ್ನೊಂದು ತುದಿ ಹಿಡಿಯೋಕೆ ಒಬ್ಬಳಿದ್ದಾಳೆ ಅಂದ್ರೆ, ಅದು ಸಂಘ."

ನಾನು ನನ್ನ ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಅದು ಬೇಗ ಕೂರುವುದಿಲ್ಲ.

ಫೆಬ್ರವರಿ ೧೧, ಮಂಗಳವಾರ

ಹರಿದ ಚಾದರಗಳಿಗೆ ತೇಪೆ ಹಾಕುವ ಹೊಲಿಗೆಯವಳ ಕಿವಿ ಹರಿದಿತ್ತು. ಗಂಡ ನೀರಿನ ಲಾರಿ ಓಡಿಸುವವನು. ಇವತ್ತು ಅವನ ಸರದಿ. ಈ ಸಲ ನಾನು ತಪ್ಪಿಸಿಕೊಳ್ಳಲಿಲ್ಲ. ಯಾವಾಗಲೂ ತಪ್ಪಿಸಿಕೊಳ್ಳುವವಳ ಮನೆಯ ಕಡೆ ಜನ ನೋಡತೊಡಗುತ್ತಾರೆ.

ಸಂಘಕ್ಕೆ ಬೇರೆ ಆಯುಧವಿಲ್ಲ. ಒದ್ದೆ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು ಹುರಿ ಮಾಡಿದರೆ ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ದೊಡ್ಡಕ್ಕ ಚಾದರವನ್ನು ನಮ್ಮತ್ತ ಎಸೆದಳು. ಸೊಸೆ ಬಲಕ್ಕೆ ತಿರುಚಿದಳು, ನಾನು ಎಡಕ್ಕೆ. ನೀರು ಧಾರೆಯಾಗಿ ಬಿತ್ತು, ಆಮೇಲೆ ಹನಿಯಾಗಿ, ಆಮೇಲೆ ನಿಂತಿತು. ಅವಳು ತಿರುಚುತ್ತಲೇ ಇದ್ದಳು. "ಸಾಕು ಕಣೇ" ಎಂದೆ. ಅವಳು ನನ್ನ ಮುಖ ನೋಡಲಿಲ್ಲ.

ಹೊಲಿಗೆಯವಳೇ ಬಾಗಿಲು ತೆಗೆದಳು. ಅವನು ಬೂಟು ಬಿಚ್ಚುತ್ತಿದ್ದ.

"ಯಾರ್ರೀ ನೀವೆಲ್ಲ?"

"ಲಾಂಡ್ರಿಯವರು. ಕೊಳೆ ತೆಗೆಯೋಕೆ ಬಂದಿದ್ದೀವಿ" ಎಂದಳು ರೇಡಿಯೊ.

ಒಣ ಚಾದರ ತಲೆಯ ಮೇಲೆ ಬಿತ್ತು, ಅವನು ನೆಲದ ಮೇಲೆ ಬಿದ್ದ. ನನ್ನ ಪಾಲಿಗೆ ಒಂದು ಕಾಲು ಬಂತು. ಬೂಟಿರುವ ಕಾಲು. ಅವನು ಒದೆದ, ನನ್ನ ದವಡೆಗೆ ತಾಗಿತು, ನಾನು ಬಿಡಲಿಲ್ಲ. ಹುರಿಯ ಏಟು ಬೀಳುವಾಗ ಸದ್ದು ಹೆಚ್ಚಿರುವುದಿಲ್ಲ, ಹಿಟ್ಟಿನ ಮುದ್ದೆಯನ್ನು ಕಲ್ಲಿಗೆ ಬಡಿದ ಹಾಗೆ. ಕೂಗು ಮಾತ್ರ ಗಂಟಲಿನಿಂದ ಬರುವಂಥದ್ದಲ್ಲ, ಹೊಟ್ಟೆಯೊಳಗಿನಿಂದ ಬಂತು. ಅವನು ತನ್ನ ನಾಲಿಗೆ ಕಚ್ಚಿಕೊಂಡಿರಬೇಕು. ಮುಸುಕಿನ ಮೇಲೆ ಬಾಯಿಯಿರುವ ಕಡೆ ಕೆಂಪು ಹರಡಿತು. ರಕ್ತವನ್ನು ತಣ್ಣೀರಿನಲ್ಲಿ ತೆಗೆಯಬೇಕು, ಬಿಸಿನೀರು ಹಾಕಿದರೆ ಕೂತುಬಿಡುತ್ತದೆ. ಆ ಹೊತ್ತಿನಲ್ಲಿ ನನಗೆ ಹೊಳೆದದ್ದು ಅದೊಂದೇ.

"ಇನ್ನೊಂದು ಸಲ ಅವಳ ಮೈ ಮುಟ್ಟಿದ್ರೆ ಇನ್ನೊಂದು ಸಲ ಬರ್ತೀವಿ" ಎಂದಳು ದೊಡ್ಡಕ್ಕ ಅವನ ಕಿವಿಯ ಹತ್ತಿರ ಬಗ್ಗಿ. "ಬಾಗಿಲು ತೆಗೆಯೋಕೆ ಅವಳಿದ್ದಾಳೆ."

ಮನೆಗೆ ಬಂದಾಗ ಮಗ ಕೇಳಿದ. "ಇಬ್ಬರೂ ಎಲ್ಲಿಗೆ ಹೋಗಿದ್ರಿ?"

"ಸಂಘದ ಸಭೆ."

"ಹೆಂಗಸರ ಸಭೇಲಿ ಏನಮ್ಮ ಇರುತ್ತೆ, ಹರಟೆ."

ಅವನಿಗೆ ಗೊತ್ತಿಲ್ಲ. ಏಟು ತಿಂದ ಗಂಡಸರು ಯಾರಿಗೂ ಹೇಳುವುದಿಲ್ಲ. ಅವರೂ ಬಚ್ಚಲಲ್ಲಿ ಜಾರಿಬಿದ್ದೆ ಎನ್ನುತ್ತಾರೆ.

ಊಟ ಸೇರಲಿಲ್ಲ. ದವಡೆ ನೋಯುತ್ತಿದೆ.

ಫೆಬ್ರವರಿ ೧೬, ಭಾನುವಾರ

ಇಂದು ಸೊಸೆಯ ಬೆನ್ನು. ಬೆನ್ನು ಬಟ್ಟೆಯೊಳಗಿರುವುದರಿಂದ ತೊಂದರೆಯಿಲ್ಲ. ಮುಖಕ್ಕೆ ಬೇಡ ಎಂದು ಮಗನಿಗೆ ಹೇಳಿದ್ದೆ. ನನ್ನ ಮಾತು ಕೇಳಿದ.

ಫೆಬ್ರವರಿ ೨೨, ಶನಿವಾರ

ಇಂದಿನ ಸರದಿ ಶವಾಗಾರದ ಕಾವಲಿನವನದು. ಹೆಂಡತಿಯ ಹೊಟ್ಟೆಗೆ ಒದ್ದು ಬಸಿರು ಇಳಿಸಿದವನು. ಈ ಸಲ ಹುರಿ ನನ್ನ ಕೈಗೆ ಬಂತು.

ತೋಳಿನಿಂದ ಹೊಡೆದರೆ ಸುಸ್ತಾಗುತ್ತದೆ. ಸೊಂಟದಿಂದ ತಿರುಗಿ ಹೊಡೆಯಬೇಕು, ಡ್ರಮ್ಮಿನಿಂದ ಭಾರದ ಬಟ್ಟೆ ಎತ್ತುವ ಹಾಗೆ. ತೊಡೆಯ ಹಿಂಭಾಗ, ಪಿರ್ರೆ, ಬೆನ್ನಿನ ಕೆಳಭಾಗ. ಅವನು ತೆವಳಿಕೊಂಡು ಮೇಜಿನ ಕೆಳಗೆ ಹೋದ, ಎಳೆದು ತಂದೆವು. ಉಗುರುಗಳು ನೆಲವನ್ನು ಗೀರಿದ ಗುರುತು ಉಳಿಯಿತು. "ಅಮ್ಮಾ" ಎಂದ. ನನ್ನನ್ನೇ ಕರೆದ ಎಂದು ರೇಡಿಯೊ ತಮಾಷೆ ಮಾಡಿದಳು. ಅವನು ಉಸಿರೆಳೆದುಕೊಳ್ಳಲಿ ಎಂದು ಒಮ್ಮೆ ಕಾದು, ಮತ್ತೆ ಹೊಡೆದೆ. ದೊಡ್ಡಕ್ಕ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ಮುಗೀತು ಅಂದೆನಲ್ಲ. ಕೇಳಿಸಲಿಲ್ವಾ?"

ಕೇಳಿಸಿರಲಿಲ್ಲ.

ಬಂದು ಹೊಟ್ಟೆ ತುಂಬ ಉಂಡೆ.

ಫೆಬ್ರವರಿ ೨೫, ಮಂಗಳವಾರ

ಸೊಸೆ ಕೆಲಸದಲ್ಲಿ ಮೂಲೆ ಕೈಬಿಟ್ಟಳು, ಚಾದರ ನೆಲಕ್ಕೆ ಬಿತ್ತು. ಮತ್ತೆ ಬಿಟ್ಟಳು. ಭುಜ ಎತ್ತಲು ಆಗುತ್ತಿಲ್ಲವಂತೆ. ಮೂಲೆಗೆ ಮೂಲೆ ಕೂಡಿದಾಗ ಬಟ್ಟೆಯ ಕೆಳಗೆ ಅವಳ ಹೆಬ್ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದೆ. ಅವಳ ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ. ಆಮೇಲೆ ಮೂಲೆ ಬೀಳಲಿಲ್ಲ.

ಫೆಬ್ರವರಿ ೨೭, ಗುರುವಾರ

ಇಂದು ಸ್ವಲ್ಪದರಲ್ಲಿ ತಪ್ಪಿತು.

ಬಿಸಿ ಹೆಚ್ಚಿದ್ದರಿಂದ ಸೊಸೆ ಕುತ್ತಿಗೆಯ ಗುಂಡಿ ಬಿಚ್ಚಿದ್ದಳು. ರೇಡಿಯೊ ಪಕ್ಕದಿಂದ ಹಾದುಹೋಗುವಾಗ ನಿಂತಳು.

"ಏನೇ ಅದು ಕತ್ತಿನ ಹತ್ತಿರ, ನೀಲಿ?"

ಸೊಸೆ ಬಾಯಿ ತೆರೆದಳು. ಏನು ಹೇಳಲಿದ್ದಳೋ ಗೊತ್ತಿಲ್ಲ.

"ಚೀಲದ ಪಟ್ಟಿ ಒತ್ತಿದ್ದು" ಎಂದೆ. "ನನ್ನ ಸೊಸೆ ಕತ್ತು ಆಮೇಲೆ ನೋಡುವಿಯಂತೆ. ರೋಲರಿನವಳ ತೋಳು ನೋಡಿದ್ಯಾ? ಮೊನ್ನೆಯಿಂದ ಉದ್ದ ತೋಳಿನ ಅಂಗಿ ಹಾಕ್ಕೊಂಡು ಬರ್ತಿದ್ದಾಳೆ, ಈ ಸೆಕೆಯಲ್ಲಿ."

ಅದು ಸುಳ್ಳಲ್ಲ. ಬಟ್ಟೆ ಬದಲಿಸುವಾಗ ನಾನು ನೋಡಿದ್ದೆ. ರೋಲರಿನವಳ ಎರಡೂ ತೋಳುಗಳಲ್ಲಿ ಬೆರಳಿನ ಅಚ್ಚು, ಮೊಣಕೈ ಕಪ್ಪು, ಹಣೆಯಂಚಿನಲ್ಲಿ ಒಣಗಿದ ಗಾಯ. ಈಗ ರೋಲರ್ ನಡೆಸುವವಳು ಇವಳು, ಮಾತು ಕಡಿಮೆ, ಯಾರ ತಂಟೆಗೂ ಹೋಗದವಳು. ಜೋಡಿಯಿಲ್ಲದ ಕೆಲಸವಾದ್ದರಿಂದ ಅವಳನ್ನು ಹತ್ತಿರದಿಂದ ನೋಡುವವರಿರಲಿಲ್ಲ.

ಮಧ್ಯಾಹ್ನದೊಳಗೆ ಎಲ್ಲರಿಗೂ ಸುದ್ದಿ ಮುಟ್ಟಿತ್ತು. ದೊಡ್ಡಕ್ಕ ಅವಳ ತೋಳು ಸರಿಸಿ ನೋಡಿದಳು.

"ಬಿದ್ದೆ" ಎಂದಳು ರೋಲರಿನವಳು. "ನಿಜವಾಗ್ಲೂ ಬಿದ್ದೆ ಅಕ್ಕ. ಅವರು ನನ್ನ ಹಿಡಿದುಕೊಂಡರು, ಅಷ್ಟೇ."

"ಹಿಡಿದುಕೊಂಡನಂತೆ" ಎಂದಳು ರೇಡಿಯೊ.

ಮಾರ್ಚ್ ೧, ಶನಿವಾರ

ಬರೆಯಲೇಬೇಕು. ನಡೆದ ಹಾಗೇ ಬರೆಯುತ್ತೇನೆ.

ರೋಲರಿನವಳು ಇಂದು ಕೆಲಸಕ್ಕೆ ಬಂದಿರಲಿಲ್ಲ. ಗಂಡ ಕ್ಷೌರದವನು, ಮನೆಯ ಮುಂಭಾಗದಲ್ಲೇ ಅಂಗಡಿ. ಸಂಜೆ ಹೋಗಿ ಕದ ತಟ್ಟಿದೆವು. ಬಾಗಿಲು ತೆಗೆದವನು ಅವನೇ. ನಮ್ಮನ್ನು ನೋಡಿ ಅವನಿಗೆ ಖುಷಿಯಾಯಿತು.

"ಬನ್ನಿ ಬನ್ನಿ ಅಕ್ಕ, ಎಲ್ಲರೂ ಬಂದುಬಿಟ್ಟಿದ್ದೀರಲ್ಲ! ಮಲಗಿದ್ದಾಳೆ, ಎಬ್ಬಿಸ್ತೀನಿ ಇರಿ. ಕೂರೋಕೆ ಕುರ್ಚಿ ಸಾಲಲ್ಲ, ಅಂಗಡಿದೂ ತರ್ತೀನಿ."

ಅವನು ಕುರ್ಚಿಗೆಂದು ಬೆನ್ನು ತಿರುಗಿಸಿದಾಗ ಮುಸುಕು ಬಿತ್ತು.

ಸಣ್ಣ ಮೈಯವನು. ಹೋರಾಡಲಿಲ್ಲ, "ಯಾಕೆ, ಯಾಕೆ" ಎಂದು ಕೇಳುತ್ತಲೇ ಇದ್ದ. ಹುರಿ ಇಂದೂ ನನ್ನ ಕೈಯಲ್ಲಿತ್ತು. ಬೆನ್ನಿಗೆ ಹಾಕಿದ್ದು ಜಾರಿ ಹೆಗಲಿನ ಎಲುಬಿಗೆ ಬಿತ್ತು. ಒಣ ಕೊಂಬೆ ಮುರಿದ ಹಾಗೆ ಕೇಳಿಸಿತು. ಅಷ್ಟರಲ್ಲಿ ಒಳಗಿನಿಂದ ಅವಳು ಬಂದಳು. ಒಮ್ಮೆ ಕಿರುಚಿದಳು. ಅರ್ಧಕ್ಕೇ ಆ ಕೂಗು ಕತ್ತರಿಸಿಹೋಯಿತು. ನಿಂತಲ್ಲೇ ಸೆಟೆದುಕೊಂಡು, ಹಿಂದಕ್ಕೆ ಬಿದ್ದಳು, ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಕೈಕಾಲು ಬಡಿದುಕೊಳ್ಳತೊಡಗಿದವು. ಮೊಣಕೈ ನೆಲಕ್ಕೆ ಅಪ್ಪಳಿಸುತ್ತಿತ್ತು, ಮತ್ತೆ ಮತ್ತೆ, ಆ ಕಪ್ಪಾದ ಜಾಗವೇ. ಬಾಯಲ್ಲಿ ನೊರೆ.

ಎಲ್ಲರೂ ನಿಂತುಬಿಟ್ಟರು. ಅವನು ಮುಸುಕು ಕಿತ್ತೆಸೆದು ಅವಳ ಕಡೆ ತೆವಳಿದ. ಒಂದು ಕೈ ಮುಂದೆ ಚಾಚಿದ್ದ. ಆ ಕೈ ಮೇಲೆ ನನ್ನ ಏಟು ಬಿತ್ತು. ನಿಲ್ಲಿಸಿರೆಂದು ಯಾರೂ ಹೇಳಿರಲಿಲ್ಲ ಎಂದು ಬರೆಯಹೊರಟೆ. ಹೇಳುವ ಅಗತ್ಯವಿರಲಿಲ್ಲ. ಎಲ್ಲರೂ ನಿಂತಿದ್ದರು, ನಾನೊಬ್ಬಳು ನಿಂತಿರಲಿಲ್ಲ.

ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಅವನು ಇನ್ನೊಂದು ಕೈಯಿಂದ ಅವಳನ್ನು ಪಕ್ಕಕ್ಕೆ ಹೊರಳಿಸಿ, ನಾವು ತಂದಿದ್ದ ಚಾದರವನ್ನೇ ಮುದ್ದೆ ಮಾಡಿ ಅವಳ ತಲೆಯ ಕೆಳಗಿಟ್ಟ. ಅದೇ ಕೈಯಿಂದ ಅವಳ ತೋಳು ಒತ್ತಿ ಹಿಡಿದ, ಬಡಿದುಕೊಳ್ಳದ ಹಾಗೆ. ಅವನ ಬೆರಳು ಎಲ್ಲಿ ಕೂತವೋ ಅಲ್ಲೇ ಹಳೆಯ ಅಚ್ಚುಗಳಿದ್ದವು.

ಮಾರ್ಚ್ ೩, ಸೋಮವಾರ

ಕ್ಷೌರದವನ ಹೆಗಲಿಗೂ ಬಲಗೈಗೂ ಪಟ್ಟಿ ಸುತ್ತಿದ್ದಾರೆ. ಕತ್ತರಿ ಹಿಡಿಯಲು ಇನ್ನು ಆಗುತ್ತದೋ ಇಲ್ಲವೋ ಹೇಳಲು ಬರುವುದಿಲ್ಲ ಎಂದರಂತೆ. ಅವನು ದೂರು ಕೊಟ್ಟಿಲ್ಲ. ಕೊಟ್ಟರೆ ಅವಳ ಮೂರ್ಛೆಯ ವಿಷಯ ಆಸ್ಪತ್ರೆಗೆ ತಿಳಿಯುತ್ತದೆ, ಅವಳ ಕೆಲಸ ಹೋಗುತ್ತದೆ. ಆ ಭಯಕ್ಕೇ ಅವಳು ನಮಗೂ ಹೇಳಿರಲಿಲ್ಲ. ಲಾಂಡ್ರಿಯಲ್ಲಿ ಸಂಘಕ್ಕೂ ಹೇಳಲಾಗದ ವಿಷಯ ಒಂದಲ್ಲ ಎರಡಿತ್ತು.

ಬಾಯ್ಲರ್ ಹಿಂದೆ ಸೇರಿದಾಗ ಹೊಸಬಳು ಅತ್ತಳು. ದೊಡ್ಡಕ್ಕ ಕೇಳಿದಳು:

"ಅವಳ ತೋಳು ಮೊದಲು ನೋಡಿದ್ದು ಯಾರು?"

ರೇಡಿಯೊ ನನ್ನನ್ನು ನೋಡಿದಳು. ಬಾಯಿ ಬಿಡಲಿಲ್ಲ. ಇವಳು ಸುಮ್ಮನಿದ್ದದ್ದನ್ನು ನಾನು ಇದೇ ಮೊದಲು ಕಂಡದ್ದು.

"ಬೇಡ" ಎಂದಳು ದೊಡ್ಡಕ್ಕ. "ಬಾಯಿ ನಂಬಬೇಡಿ ಅಂತ ಹೇಳಿಕೊಟ್ಟವಳು ನಾನು. ಅವಳು ಬಾಯಿಬಿಟ್ಟು ನಿಜ ಹೇಳಿದ್ಲು."

ಇನ್ನು ಮುಂದೆ ಹುರಿ ಬೇಡ ಎಂದಾಯಿತು. ಹೆಂಗಸನ್ನು ಒಬ್ಬಳೇ ಕೂರಿಸಿ ಕೇಳಬೇಕು. ಹೂಂ ಎಂದರೆ ಎಲ್ಲರೂ ಹೋಗಿ ಆ ಮನೆಯಲ್ಲಿ ಕೂರಬೇಕು, ಅವಳು ಹೋಗಿ ಎನ್ನುವವರೆಗೆ. ಅವಳು ಹೊರಡುತ್ತೇನೆ ಎಂದರೆ ಜೊತೆಗೆ ಕರೆದುಕೊಂಡು ಬರಬೇಕು.

"ಕೂತರೆ ಗಂಡಸರು ಹೆದರ್ತಾರಾ?" ಎಂದಳು ಹೊಲಿಗೆಯವಳು. "ನನ್ನ ಮನೆಯವನು ಈಗ ನೆಟ್ಟಗಿರೋದು ಹುರಿಯಿಂದಲೇ."



ಮಾರ್ಚ್ ೬, ಗುರುವಾರ

ಸರದಿಯ ಮೇಲೆ ಕ್ಷೌರದವನ ಮನೆಗೆ ಹೋಗಿ ಅಡುಗೆ ಮಾಡಿಕೊಡುತ್ತಿದ್ದೇವೆ. ಇಂದು ನನ್ನದು. ಅವನು ಅಂಗಡಿಯ ಕುರ್ಚಿಯಲ್ಲಿ ಕನ್ನಡಿಗೆ ಮುಖ ಮಾಡಿ ಕೂತಿದ್ದ. ಗಡ್ಡ ಬೆಳೆದಿತ್ತು.

"ಹೊಡೆದೋರು ನೀವೇ ಅಲ್ವಾ?" ಕನ್ನಡಿಯಲ್ಲೇ ನೋಡಿ ಕೇಳಿದ.

"ಹೌದು."

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಗಂಡಸರು ನಿಜ ಹೇಳಲ್ಲಪ್ಪ."

"ಹೆಂಗಸರು ಹೇಳ್ತಾರಾ?"

ಪಾತ್ರೆ ತೊಳೆಯುವುದಿತ್ತು, ಒಳಗೆ ಹೋದೆ.

ಹೊರಡುವಾಗ ಅವನಿಗೆ ಗಡ್ಡ ಹೆರೆದುಕೊಟ್ಟೆ. ಯಾಕೆ ಕೇಳಿದೆನೋ, "ಮಾಡ್ಲಾ?" ಎಂದೆ, ಅವನು ತಲೆ ಹಿಂದಕ್ಕೆ ಒರಗಿಸಿದ. ಅವನ ಕತ್ತಿ, ಅವನ ಕತ್ತು, ನನ್ನ ಕೈ. ಕಣ್ಣು ಮುಚ್ಚಿಕೊಂಡಿದ್ದ. ಕತ್ತಿ ಓರೆಯಾಗಿ ಕಿವಿಯ ಕೆಳಗೆ ಸ್ವಲ್ಪ ಗೀರಿತು. "ಹೊಸಬರಿಗೆ ಹಾಗೇ ಆಗೋದು" ಎಂದ.

ಮಾರ್ಚ್ ೮, ಶನಿವಾರ

ಮಗ ಸೊಸೆಗೆ ಹೊಡೆದ.

ನೀರಿನ ಲೋಟ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು ಎಂದು. ಕೂದಲು ಹಿಡಿದು ಗೋಡೆಗೆ ಒಮ್ಮೆ, ಕದಕ್ಕೆ ಒಮ್ಮೆ. ಬಿದ್ದ ಮೇಲೆ ಬೆನ್ನಿಗೆ ಒದ್ದ, ಬೆಂಕಿಯ ಕಿಡಿ ತಾಗದಿರಲೆಂದು ಹಾಕುವ ದಪ್ಪ ಬೂಟಿನಿಂದ. ಅವನಿಗೂ ಸೊಂಟದಿಂದ ತಿರುಗಿ ಒದೆಯುವುದು ಗೊತ್ತಿದೆ. ಉಸಿರೆಳೆದುಕೊಳ್ಳಲಿ ಎಂದು ನಡುವೆ ಕಾಯುವುದೂ. ಅಷ್ಟನ್ನು ಎಲ್ಲಿಂದ ಕಲಿತ ಎಂದು ಯೋಚಿಸುತ್ತ ನಾನು ಒಲೆಯ ಪಕ್ಕ ನಿಂತಿದ್ದೆ. ಅವಳ ಹುಬ್ಬು ಒಡೆದು ಕಣ್ಣಿನೊಳಕ್ಕೆ ರಕ್ತ ಇಳಿಯಿತು.

"ಮುಖಕ್ಕೆ ಬೇಡ ಅಂದಿದ್ದೆ" ಎಂದೆ. ನನ್ನ ಬಾಯಿಂದ ಬಂದ ಮಾತು ಅದು.

"ನಿಮ್ಮ ಸಂಘ ಕರಿ" ಎಂದು ನಕ್ಕ. "ಬಂದು ಹರಟೆ ಹೊಡೀಲಿ."

ಅವನು ಹೊರಗೆ ಹೋದ ಮೇಲೆ ತಣ್ಣೀರಿನ ಬಟ್ಟೆಯಿಂದ ಅವಳ ಕಣ್ಣು ಒರೆಸಿದೆ. ಅವಳು ನನ್ನ ಕೈಯನ್ನು ತಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

"ಅತ್ತೆ" ಎಂದಳು. "ಸೋಮವಾರ ನನ್ನ ಎದುರಿಗೆ ನೀವು ನಿಲ್ಲಬೇಡಿ."

ಮಾರ್ಚ್ ೯, ಭಾನುವಾರ

ಮೇಸ್ತ್ರಿಗೆ ಏನೇನೋ ಹೇಳಿ ದೊಡ್ಡಕ್ಕ ರೋಲರಿಗೆ ರೇಡಿಯೊಳನ್ನು ಹಾಕಿಸಿದ್ದಾಳೆ. ರೋಲರಿನವಳು ನಾಳೆಯಿಂದ ಮಡಿಸುವ ಕೆಲಸಕ್ಕೆ ಬರುತ್ತಾಳೆ. ಬಿಸಿ ಉರುಳೆಗಳಿಂದ ದೂರ. ಬಿದ್ದರೆ ಎದುರಿನವಳು ಹಿಡಿದುಕೊಳ್ಳಬೇಕು, ಸದ್ದಿಲ್ಲದೆ, ಮೇಸ್ತ್ರಿಗೆ ಕಾಣದಂತೆ ಚಾದರ ಅಡ್ಡ ಹಿಡಿದು. ರೇಡಿಯೊ ಹೋದ ಮೇಲೆ ದೊಡ್ಡಕ್ಕನಿಗೆ ಜೋಡಿ ಇಲ್ಲವಾದ್ದರಿಂದ ಅವಳೇ ರೋಲರಿನವಳ ಎದುರು ನಿಲ್ಲುವುದು ಎಂದಾಗಿದೆ.

ಅದನ್ನು ಬದಲಿಸಬಹುದು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು.

ಸಂಘದವರು ಬಂದು ಸುಮ್ಮನೆ ಕೂರುತ್ತಾರೋ, ಹೊಲಿಗೆಯವಳು ಹುರಿ ತಂದಿರುತ್ತಾಳೋ ಗೊತ್ತಿಲ್ಲ. ಸೊಸೆ ಹೊರಡುತ್ತೇನೆ ಎನ್ನುತ್ತಾಳೋ, ಅವನು ಹೋಗಲಿ ಎನ್ನುತ್ತಾಳೋ, ಅದೂ ಗೊತ್ತಿಲ್ಲ. ಕೇಳುವುದು ಅವಳನ್ನು, ನನ್ನನ್ನಲ್ಲ. ನನ್ನನ್ನೂ ಕೇಳಿದರೆ ರೋಲರಿನವಳ ತೋಳು ಮೊದಲು ತೋರಿಸಿದವಳು ಯಾರು, ಯಾಕೆ ಎನ್ನುವುದರಿಂದ ಶುರುಮಾಡುತ್ತೇನೆ.

ನಮ್ಮ ಬಾಗಿಲಿನ ಚಿಲಕ ಮಗನೇ ಬೆಸುಗೆ ಹಾಕಿ ಕೂರಿಸಿದ್ದು. ದಪ್ಪ ಕಬ್ಬಿಣ. ಒಳಗಿನಿಂದ ಎಳೆಯಲು ಎರಡೂ ಕೈ ಬೇಕು, ಅಷ್ಟು ಬಿಗಿ. ಮಧ್ಯಾಹ್ನ ಅವನು ಮಲಗಿದ್ದಾಗ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಿದೆ. ಈಗ ಸದ್ದಿಲ್ಲದೆ, ಒಂದೇ ಕೈಯಲ್ಲಿ ಸರಿಯುತ್ತದೆ.

ನಾಳೆ ಬೆಳಿಗ್ಗೆ ರೋಲರಿನವಳ ಎದುರು ನಾನು ನಿಲ್ಲುತ್ತೇನೆ. ನನ್ನ ಕೈಯಲ್ಲಿದ್ದ ತುದಿಯನ್ನು ದೊಡ್ಡಕ್ಕನಿಗೆ ಕೊಟ್ಟು, ಸೊಸೆಯ ಎದುರು ಅವಳನ್ನು ನಿಲ್ಲಿಸುತ್ತೇನೆ. ಸಂಜೆ ಕದ ತಟ್ಟಿದಾಗ ಚಿಲಕ ತೆಗೆಯುವವಳೂ ನಾನೇ.